ಗಾಡಿಯೊಳಗಿನ ತಮಟೆ

ತುಮಕೂರು ದಾಟಿ ಶಿರಾ ಕಡೆ ಹೊರಟಿದ್ದೆವು. ಗೆಳೆಯರೊಬ್ಬರ ಹಳೆಯ ಡೀಸೆಲ್ ಎಸ್ಟೇಟ್ ಕಾರು. ಡಿಕ್ಕಿಯಲ್ಲಿ ಮದುವೆ ಮನೆಗೆಂದು ಹೇರಿಕೊಂಡ ಎರಡು ಬಾಳೆಗೊನೆ, ಒಂದು ಚೀಲ ತೆಂಗಿನಕಾಯಿ. ಎಂಜಿನ್ನಿನ ಮುಳ್ಳು ಎರಡು ಸಾವಿರ ಸುತ್ತಿನ ಹತ್ತಿರ ಬಂದರೆ ಸಾಕು, ಕಿವಿಗೆ ಯಾರೋ ಹತ್ತಿ ತುರುಕಿದಂತಾಗುತ್ತಿತ್ತು. ಅದು ಅಬ್ಬರವಲ್ಲ, ಒಂದೇ ಸಮನೆ ‘ಗುಂ’ ಎನ್ನುವ ಒತ್ತಡ. ವೇಗ ಏರಿಸಿದರೆ ಮಾಯ, ಇಳಿಸಿದರೂ ಮಾಯ. ಸ್ಟಿಯರಿಂಗ್ ಹಿಡಿದಿದ್ದ ಗೆಳೆಯರಂತೂ ‘ನನಗೇನೂ ಅಷ್ಟು ಕೇಳಿಸ್ತಿಲ್ಲವಲ್ಲ’ ಎಂದುಬಿಟ್ಟರು. ನೀರಿನ ಬಾಟಲಿ ಇಸಿದುಕೊಳ್ಳಲು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಅವರ ಸೀಟಿನ ಪಕ್ಕಕ್ಕೆ ತಲೆ ಚಾಚಿದೆ. ಗುಂಗಾಟ ಅರ್ಧಕ್ಕರ್ಧ ಇಳಿಯಿತು. ಒರಗಿ ಕೂತೆ, ಮತ್ತೆ ಹಾಜರ್. ಬೇಕೆಂದೇ ನಾಲ್ಕು ಸಲ ಬಾಗಿ ಒರಗಿ ನೋಡಿದೆ. ಸದ್ದಿಗೂ ಕೂರಲು ಒಂದು ಜಾಗವಿತ್ತು.

ಕಾರಿನ ಸೈಲೆನ್ಸರನ್ನು ಗೆಳೆಯರು ಆಗಲೇ ಒಮ್ಮೆ ಬದಲಿಸಿದ್ದರು. ಹೊಗೆಕೊಳವೆಯ ಸದ್ದು ಎಂದೊಡನೆ ನಾವೆಲ್ಲ ಕೈ ತೋರಿಸುವುದು ಕೊಳವೆಯ ಕಡೆಗೇ. ಎಂಜಿನ್ನಿನ ಸದ್ದಡಗಿಸುವ, ನೂರು ವರ್ಷಕ್ಕೂ ಮಿಕ್ಕ ಕಸುಬು ಶುರುವಾದದ್ದೂ ಅಲ್ಲಿಂದಲೇ.

ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಊರಿನಲ್ಲಿ ಪುಲ್ಲಿ ಕಾರ್ಖಾನೆ ನಡೆಸುತ್ತಿದ್ದ ಮಿಲ್ಟನ್ ಮತ್ತು ಮಾರ್ಷಲ್ ರೀವ್ಸ್ ಎಂಬ ಅಣ್ಣತಮ್ಮಂದಿರು ಒಂದು ಮೋಟಾರು ಬಂಡಿ ಕಟ್ಟಿದರು. ಅದರ ಆರ್ಭಟಕ್ಕೆ ಬೀದಿಯ ಕುದುರೆಗಳು ಬೆಚ್ಚುತ್ತಿದ್ದವು. ಸದ್ದಡಗಿಸುವ ಡಬ್ಬಿಯೊಂದಕ್ಕೆ 1897ರಲ್ಲಿ ಇವರಿಗೆ ಪೇಟೆಂಟ್ ಸಿಕ್ಕಿತು. ಇನ್ನೊಂದು ಕವಲು ಬಂದೂಕಿನಿಂದ ಬಂತು. ಮೆಷಿನ್‌ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ತಮ್ಮ ಬಂದೂಕಿನ ಸದ್ದಿಗೇ ಕಿವಿ ಕಳೆದುಕೊಂಡವರು. ಅವರ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ ಬಂದೂಕಿನ ಬಾಯಿಗೆ ಸೈಲೆನ್ಸರ್ ಕಟ್ಟಿ 1909ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅವರ ಕಂಪನಿ ಎಂಜಿನ್ನುಗಳಿಗೂ ಸೈಲೆನ್ಸರ್ ಮಾಡಿತು. ಎರಡರಲ್ಲೂ ಉಪಾಯ ಒಂದೇ: ಗುಂಡು ಹಾರಿದಂತೆ ನುಗ್ಗುವ ಬಿಸಿಗಾಳಿಗೆ ಹಿಗ್ಗಲು ಜಾಗ ಕೊಟ್ಟು, ತೂತು ಕೊಳವೆಗಳಲ್ಲಿ ಸುತ್ತಾಡಿಸಿ, ಸುಸ್ತು ಮಾಡಿ ಹೊರಗೆ ಬಿಡುವುದು.

ಎತ್ತರದ ಕರ್ಕಶ ಸದ್ದು ಇದಕ್ಕೆ ಬಗ್ಗುತ್ತದೆ, ಅದಕ್ಕೆ ಗಾಜಿನ ನೂಲಿನ ಮೆತ್ತೆಯೂ ಸಾಕು. ಬಗ್ಗದಿರುವುದು ತಗ್ಗಿನ ಗುಂ. ಅದರ ಅಲೆ ಬಲು ಉದ್ದ. ಅದನ್ನು ಮಣಿಸುವ ಸೂತ್ರ ಸಿಕ್ಕಿದ್ದು ಕಾರು ಹುಟ್ಟುವ ಮೊದಲೇ, ಸಂಗೀತದ ವಿಚಾರಣೆಯಲ್ಲಿ. ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಸಣ್ಣ ಕತ್ತಿನ ಬುರುಡೆಗಳನ್ನು ಕಿವಿಗಿಟ್ಟುಕೊಂಡು, ಒಂದೊಂದು ಬುರುಡೆ ಒಂದೊಂದು ಸ್ವರಕ್ಕೆ ಮಾತ್ರ ಓಗೊಡುವುದನ್ನು ತೋರಿಸಿದರು. ಖಾಲಿ ಸೀಸೆಯ ಬಾಯಿಗೆ ಊದಿ ಬಂದ ಸದ್ದು ಕೇಳಿದ ಮಕ್ಕಳಿಗೆಲ್ಲ ಗೊತ್ತಿರುವ ಗುಟ್ಟೇ ಇದು. 1863ರಲ್ಲಿ ಬಂದ ಅವರ ಪುಸ್ತಕದ ಇಂಗ್ಲಿಷ್ ರೂಪ ‘ದಿ ಸೆನ್ಸೇಷನ್ಸ್ ಆಫ್ ಟೋನ್’ ಅನ್ನು, ತಮ್ಮನ್ನು ರೂಪಿಸಿದ ಪುಸ್ತಕಗಳಲ್ಲಿ ಒಂದೆಂದು ಸಿ.ವಿ. ರಾಮನ್ ಹೆಸರಿಸಿದ್ದರು. ಅದೇ ಬುರುಡೆಯನ್ನು ಹೊಗೆಕೊಳವೆಯ ಪಕ್ಕಕ್ಕೆ ಬೆಸೆದರೆ, ಅದು ತನ್ನ ಸ್ವರವನ್ನು ಮಾತ್ರ ಹೆಕ್ಕಿ ಅಡಗಿಸುತ್ತದೆ. ಬುರುಡೆಯ ಬದಲು ಬಾಯಿಮುಚ್ಚಿದ ಕವಲು ಕೊಳವೆಯೂ ಆಗುತ್ತದೆ. ಆದರೆ ಕಾಯ್ದ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 500 ಮೀಟರ್ ಓಡುವುದರಿಂದ, 65 ಹರ್ಟ್ಸ್‌ನ ಗುಂ ಹಿಡಿಯಲು ಎರಡು ಮೀಟರಿನಷ್ಟು ಉದ್ದದ ಕವಲು ಬೇಕು. ಕಾರಿನಡಿ ಅಷ್ಟು ಜಾಗ ಎಲ್ಲಿದೆ?

ಇತ್ತ ಕಾರಿನ ಹಿಂಭಾಗವೂ ಬೆಳೆಯುತ್ತಿತ್ತು. ಅಮೆರಿಕದಲ್ಲಿ ರೈಲಿಳಿದವರನ್ನೂ ಅವರ ಟ್ರಂಕುಗಳನ್ನೂ ಹೊತ್ತೊಯ್ದದ್ದಕ್ಕೆ ‘ಸ್ಟೇಷನ್ ವ್ಯಾಗನ್’, ಬ್ರಿಟನ್ನಿನಲ್ಲಿ ಹಳ್ಳಿಯ ದೊಡ್ಡ ಜಮೀನುಗಳಲ್ಲಿ ಓಡಾಡಿದ್ದಕ್ಕೆ ‘ಎಸ್ಟೇಟ್ ಕಾರ್’. ಫೋರ್ಡ್ ಕಂಪನಿ 1929ರ ತನ್ನ ಮಾಡೆಲ್ ಎ ವ್ಯಾಗನ್ನಿಗೆ ಮಿಷಿಗನ್ನಿನ ಸ್ವಂತ ಕಾಡಿನ ಮರ ಬಳಸಿತ್ತು. ಮರದ ಮೈ ಕಿರುಗುಟ್ಟುತ್ತಿತ್ತು, ಮಳೆಗೆ ಉಬ್ಬುತ್ತಿತ್ತು. 1935ರ ಷೆವ್ರೊಲೆ ಸಬರ್ಬನ್, 1946ರ ವಿಲ್ಲಿಸ್ ಜೀಪ್ ವ್ಯಾಗನ್, 1949ರ ಪ್ಲಿಮತ್ ಸಬರ್ಬನ್ ಬರುಬರುತ್ತ ಮರ ಹೋಗಿ ತಗಡು ಬಂತು. ಕಿರುಗು ನಿಂತಿತು. ಆದರೆ ಅಗಲದ ತಗಡು ಎಂದರೆ ಬಿಗಿದ ಚರ್ಮ ಇದ್ದಂತೆ, ಅಡಿಯಿಂದ ನಡುಕ ತಾಗಿದರೆ ಅದು ಬಾರಿಸಿಕೊಳ್ಳುತ್ತದೆ. ನೆಲದ ತಗಡಿಗೆ ಡಾಂಬರಿನಂಥ ದಪ್ಪ ಹಾಳೆ ಅಂಟಿಸುವ ರೂಢಿ ಬಂದದ್ದು ಈ ಕಾರಣಕ್ಕೆ.

ತಗಡಿನದು ಅರ್ಧ ಕತೆ. ಸೆಡಾನಿನಲ್ಲಿ ಹಿಂದಿನ ಸೀಟು ಒಂದು ಗೋಡೆ, ಅದರಾಚೆಗೆ ಡಿಕ್ಕಿ ಬೇರೆ ಕೋಣೆ. ಎಸ್ಟೇಟಿನಲ್ಲಿ ಆ ಗೋಡೆಯಿಲ್ಲ. ಬಾಳೆಗೊನೆಗೆ ಜಾಗ ಸಿಕ್ಕಿದ್ದೂ ಅದರಿಂದಲೇ. ಮುಂಗಾಜಿನಿಂದ ಹಿಂಬಾಗಿಲಿನವರೆಗೆ ಒಂದೇ ಕೋಣೆ, ಉದ್ದ 2.7 ಮೀಟರ್ ಎಂದಿಟ್ಟುಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಅರ್ಧ ಅಲೆ ಹಿಡಿಸುವ ಸ್ವರ ಮೊದಲು ಎದ್ದು ನಿಲ್ಲುತ್ತದೆ. ಸೆಕೆಂಡಿಗೆ 340 ಮೀಟರ್ ಓಡುವ ಸದ್ದನ್ನು 5.4ರಿಂದ ಭಾಗಿಸಿದರೆ 63 ಹರ್ಟ್ಸ್. ಇನ್ನು ಎಂಜಿನ್ ನೋಡಿ. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್, ಸುತ್ತಿಗೆ ಎರಡು ಸಿಡಿತ. ಸೆಕೆಂಡಿಗೆ 63 ಸಿಡಿತ ಬೇಕೆಂದರೆ ನಿಮಿಷಕ್ಕೆ ಸುಮಾರು 1,900 ಸುತ್ತು. ಹೆದ್ದಾರಿಯಲ್ಲಿ ಆರಾಮವಾಗಿ ಹೋಗುವ ವೇಗವೇ ಅದು! ಕೋಣೆ ಎರಡು ಮೀಟರಾಗಿದ್ದರೆ ಸ್ವರ 85ಕ್ಕೆ ಏರಿ, 2,500 ಸುತ್ತು ದಾಟುವವರೆಗೆ ಪೀಡೆ ಇರುತ್ತಿರಲಿಲ್ಲ. ಅಂಥ ಅಲೆಗೆ ಎರಡು ತುದಿಯಲ್ಲಿ ಒತ್ತಡ ಹೆಚ್ಚು, ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ಗೆಳೆಯರ ತಲೆ ಇದ್ದದ್ದು ಆ ಸೊನ್ನೆಯ ಹತ್ತಿರ, ನಾನು ಒರಗಿ ಕೂತದ್ದು ಪೆಟ್ಟು ಬೀಳುವ ಕಡೆ.

ಅಂದಾಜಿನ ಕಸುಬು ಲೆಕ್ಕದ ಕೈಗೆ ಬರಲು ಕಾಲ ಹಿಡಿಯಿತು. ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾ, ಹೆಲಿಕಾಪ್ಟರ್ ಎಂಜಿನ್ನಿನ ಸದ್ದಿಗೆ ಮದ್ದು ಹುಡುಕುತ್ತ, 1954ರಲ್ಲಿ ಸೈಲೆನ್ಸರುಗಳ ಮೇಲೊಂದು ದೊಡ್ಡ ವರದಿ ತಂದಿತು. ಮುಂದೆ ಈ ವಿದ್ಯೆಯ ಒಂದು ಮುಖ್ಯ ವಿಳಾಸ ನಮ್ಮ ಬೆಂಗಳೂರೇ ಆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ.ಎಲ್. ಮುಂಜಾಲ್ ಕೊಳವೆ, ಕೋಣೆ, ತೂತು ಎಲ್ಲವನ್ನೂ ಒಂದೊಂದು ಕೊಂಡಿಯಾಗಿ ಪೋಣಿಸಿ, ಸೈಲೆನ್ಸರ್ ಎಷ್ಟು ಸದ್ದು ತಡೆದೀತೆಂದು ಕಟ್ಟುವ ಮೊದಲೇ ಹೇಳುವ ಲೆಕ್ಕವನ್ನು ಬೆಳೆಸಿದರು. 1987ರ ಅವರ ‘ಅಕೌಸ್ಟಿಕ್ಸ್ ಆಫ್ ಡಕ್ಟ್ಸ್ ಅಂಡ್ ಮಫ್ಲರ್ಸ್’ ಜಗತ್ತಿನ ಸೈಲೆನ್ಸರ್ ಎಂಜಿನಿಯರುಗಳ ಕೈಪಿಡಿ. ಸದ್ದು ಅಡಗಬೇಕು, ಆದರೆ ಎಂಜಿನ್ನಿನ ಉಸಿರು ಕಟ್ಟಬಾರದು. ಲೆಕ್ಕ ಬೇಕಾಗುವುದೇ ಈ ಜಗ್ಗಾಟಕ್ಕೆ.

ಕೊಳವೆಯನ್ನು ಬಿಟ್ಟು ಕೋಣೆಯನ್ನೇ ಹಿಡಿದವರೂ ಇದ್ದರು. ಸದ್ದಿನ ಮೇಲೆ ತಿರುಗಾಮುರುಗಾ ಸದ್ದು ಬಿಟ್ಟು ಎರಡನ್ನೂ ಸೊನ್ನೆ ಮಾಡಬಹುದೆಂದು ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದನ್ನು ನಿಜ ಮಾಡುವ ವೇಗದ ಚಿಪ್ಪುಗಳು ಆಗ ಇರಲಿಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಮತ್ತು ಲೋಟಸ್ ಕಂಪನಿ ಸೇರಿ ಕಾರಿನೊಳಗೆ ಅದನ್ನು ಮಾಡಿ ತೋರಿಸಿದವು. 1992ರಲ್ಲಿ ಜಪಾನಿನ ನಿಸಾನ್ ಬ್ಲೂಬರ್ಡ್ ಅದನ್ನು ಹೊತ್ತು ಮಾರುಕಟ್ಟೆಗೆ ಬಂತು. 2000ದಲ್ಲಿ ಹೋಂಡಾ ಇದೇ ಉಪಾಯವನ್ನು ರಸ್ತೆಯಿಂದೇಳುವ ತಗ್ಗಿನ ಗುಂಗಿನ ವಿರುದ್ಧ ಇಳಿಸಿತು, ಹಾಡು ಕೇಳಿಸುವ ಸ್ಪೀಕರುಗಳನ್ನೇ ಬಳಸಿ, ಮುಂದಿನ ಸೀಟಿನಲ್ಲಿ ಸುಮಾರು 10 ಡೆಸಿಬೆಲ್ ಇಳಿಸಿ. ಆರಿಸಿಕೊಂಡ ಗಾಡಿ ಅಕಾರ್ಡ್ ವ್ಯಾಗನ್, ಅಂದರೆ ಎಸ್ಟೇಟ್!

ಗೆಳೆಯರ ಕಾರಿಗೆ ಚಿಪ್ಪಿನ ಯೋಗವಿರಲಿಲ್ಲ. ಶಿರಾದಲ್ಲಿ ಗ್ಯಾರೇಜಿನ ಮೇಸ್ತ್ರಿ ಟಾರ್ಚ್ ಹಿಡಿದು ಅಡಿಗೆ ನುಸುಳಿದವರು ಮಲಗಿದಲ್ಲಿಂದಲೇ ಹೇಳಿದರು: ‘ಸಾರ್, ಸೈಲೆನ್ಸರ್ ಚೆನ್ನಾಗೈತೆ. ರಬ್ಬರ್ ಕಿತ್ತೋಗಿದ್ದಕ್ಕೆ ಯಾರೋ ತಂತಿ ಬಿಗಿದವ್ರೆ. ಪೈಪು ಕುಣಿದಂಗೆಲ್ಲ ನಿಮ್ಮ ಗಾಡಿನೇ ತಮಟೆ ಆಯ್ತೈತೆ.’

ಹೊಗೆಕೊಳವೆಯನ್ನು ನೆಲದ ತಗಡಿಗೆ ತೂಗುಹಾಕುವ ಬೆರಳುದ್ದದ ರಬ್ಬರ್ ಅದು. ಸೈಲೆನ್ಸರ್ ತಡೆಯುವುದು ಗಾಳಿಯಲ್ಲಿ ಹೊರಟ ಸದ್ದನ್ನು, ರಬ್ಬರ್ ತಡೆಯುವುದು ಕಬ್ಬಿಣದಲ್ಲಿ ನಡೆದು ಬರುವ ನಡುಕವನ್ನು. ಅದರ ಜಾಗಕ್ಕೆ ಬಿಗಿದ ತಂತಿ, ಸಿಡಿತವನ್ನು ಸೀದಾ ಕೋಣೆಗೆ ತಲುಪಿಸುತ್ತಿತ್ತು. ಮೇಸ್ತ್ರಿ ತಂತಿ ಕತ್ತರಿಸಿ ಎರಡು ಹೊಸ ರಬ್ಬರ್ ಹಾಕಿದರು, ಹಿಂಬಾಗಿಲಿನ ಸುತ್ತ ಎದ್ದಿದ್ದ ಬೀಡಿಂಗ್ ಕೂರಿಸಿದರು.

ಮದುವೆ ಮುಗಿಸಿ ಮರಳುವಾಗ, ಮುಳ್ಳು ಎರಡು ಸಾವಿರದ ಹತ್ತಿರ ಬಂದಾಗ ನಾನು ಮತ್ತೆ ಮುಂದಕ್ಕೆ ಬಾಗಿ, ಒರಗಿ ನೋಡಿದೆ. ಗುಂ ಪೂರ್ತಿ ಹೋಗಿರಲಿಲ್ಲ, ಕೋಣೆಯ ಉದ್ದ ಬದಲಾಗಿರಲಿಲ್ಲವಲ್ಲ. ಆದರೆ ಈ ಸಲ ಅದು ಕೂತ ಜಾಗವನ್ನು ಕಿವಿಗೊಟ್ಟು ಹುಡುಕಬೇಕಾಯಿತು.