ಉಂಡೆ ಎಷ್ಟು ದಪ್ಪ? ಬೆಲೆ ಎಷ್ಟು?

ಮುದ್ದೆ ಕಟ್ಟುವ ನಮ್ಮ ಕೈಗೆ ಉಂಡೆ ಹೊಸದಲ್ಲ. ಆದರೆ ಉಂಡೆ ಮಾರಲು ಹೊರಟರೆ ಕೈ ಅಂದಾಜು ಸಾಲದು. ಲೆಕ್ಕವೂ ಬೇಕು.

ಹಿರೇನಲ್ಲೂರಿನಲ್ಲಿ ನಾವು ಹತ್ತು ಹೆಂಗಸರು ಸೇರಿ ಕಡಲೆಕಾಯಿ ಉಂಡೆ ಮಾಡುತ್ತೇವೆ, ಕಡೂರಿನ ಅಂಗಡಿಗೆ ಕೊಡುತ್ತೇವೆ ಅಂತ ಇಟ್ಟುಕೊಳ್ಳೋಣ. ಉಂಡೆಯ ಅಡ್ಡಳತೆ 4 ಸೆಂಟಿಮೀಟರ್. ತೂಕ 40 ಗ್ರಾಂ. ಬೆಲೆ 8 ರೂಪಾಯಿ.

ಅಂಗಡಿಯವರು ಹೇಳುತ್ತಾರೆ: “ಸ್ವಲ್ಪ ದಪ್ಪ ಮಾಡ್ರಮ್ಮಾ. 5 ಸೆಂಟಿಮೀಟರ್ ಇರಲಿ. 12 ರೂಪಾಯಿ ಕೊಡ್ತೀವಿ.”

ಒಂದೇ ಸೆಂಟಿಮೀಟರ್ ತಾನೇ? ಒಪ್ಪಬಹುದೇ? ಬನ್ನಿ, ಲೆಕ್ಕ ಹಾಕೋಣ.

ಉಂಡೆ ಒಂದು ಕಡೆಗೆ ಮಾತ್ರ ಬೆಳೆಯುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಬೆಳೆಯುತ್ತವೆ. ಆದ್ದರಿಂದ ಅಡ್ಡಳತೆಯನ್ನು ಮೂರು ಸಲ ಬರೆದು ಗುಣಿಸಬೇಕು.

4 × 4 × 4 = 64
5 × 5 × 5 = 125

ಇದು ಉಂಡೆ ಸರಿಯಾಗಿ ಕೂರುವ ಚೌಕ ಡಬ್ಬಿಯ ಅಳತೆ. ಡಬ್ಬಿಯ ಮೂಲೆಗಳು ಖಾಲಿ ಇರುತ್ತವೆ. ಉಂಡೆ ತುಂಬುವುದು ಅರ್ಧಕ್ಕಿಂತ ತುಸು ಹೆಚ್ಚು. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ‘ಲೀಲಾವತಿ’ ಗ್ರಂಥದಲ್ಲಿ ಇದಕ್ಕೆ ಸುಲಭ ದಾರಿ ಇದೆ. ಬಂದ ಸಂಖ್ಯೆಯ ಅರ್ಧ ಮಾಡಿ. ಆ ಅರ್ಧಕ್ಕೆ ಅದರ 21ನೇ ಒಂದು ಪಾಲು ಸೇರಿಸಿ.

ಚಿಕ್ಕ ಉಂಡೆ: 32 + 1.5 = 33.5 ಘನ ಸೆಂಟಿಮೀಟರ್
ದೊಡ್ಡ ಉಂಡೆ: 62.5 + 3 = 65.5 ಘನ ಸೆಂಟಿಮೀಟರ್

ನೋಡಿದಿರಾ? ದೊಡ್ಡ ಉಂಡೆ ಹೆಚ್ಚುಕಡಿಮೆ ಎರಡರಷ್ಟು! ತೂಕ ಸುಮಾರು 78 ಗ್ರಾಂ ಆಯ್ತು.

ಈಗ ಒಂದು ಗ್ರಾಂ ದರ ನೋಡೋಣ. ಕಡಲೆಕಾಯಿ, ಬೆಲ್ಲ, ಸೌದೆ ಎಲ್ಲ ಸೇರಿ 1 ಕೆಜಿ ಉಂಡೆಗೆ 160 ರೂಪಾಯಿ ಖರ್ಚು ಅನ್ನಿ. 1 ಕೆಜಿ ಅಂದರೆ 1000 ಗ್ರಾಂ. ಒಂದು ಗ್ರಾಂಗೆ 16 ಪೈಸೆ.

ಚಿಕ್ಕ ಉಂಡೆಯ ಖರ್ಚು: 40 × 16 ಪೈಸೆ = 6 ರೂ. 40 ಪೈಸೆ. 8 ರೂಪಾಯಿಗೆ ಮಾರಿದರೆ 1 ರೂ. 60 ಪೈಸೆ ಉಳಿಯುತ್ತದೆ.

ದೊಡ್ಡ ಉಂಡೆಯ ಖರ್ಚು: 78 × 16 ಪೈಸೆ = 12 ರೂ. 48 ಪೈಸೆ. 12 ರೂಪಾಯಿಗೆ ಮಾರಿದರೆ 48 ಪೈಸೆ ನಷ್ಟ. ನೂರು ಉಂಡೆಗೆ 48 ರೂಪಾಯಿ ಕೈಬಿಟ್ಟು ಹೋಯ್ತು. ದುಡಿದ ಕೂಲಿಯೂ ಇಲ್ಲ.

ಹಾಗಾದರೆ ಎಷ್ಟು ಕೇಳಬೇಕು? ಚಿಕ್ಕ ಉಂಡೆ ಗ್ರಾಂಗೆ 20 ಪೈಸೆಯಂತೆ ಹೋಗುತ್ತಿದೆ. ಅದೇ ದರದಲ್ಲಿ 78 × 20 ಪೈಸೆ = 15 ರೂ. 60 ಪೈಸೆ. ಇದಕ್ಕಿಂತ ಕಡಿಮೆಗೆ ಒಪ್ಪಬಾರದು.

ಅಡ್ಡಳತೆ ನೋಡಲು ಉಂಡೆಯನ್ನು ಎರಡು ಇಟ್ಟಿಗೆಗಳ ನಡುವೆ ಇಡಿ. ನಡುವಿನ ಜಾಗ ಅಳೆಯಿರಿ. ತಕ್ಕಡಿ ಇದ್ದರೆ ತೂಗಿಯೂ ನೋಡಿ. ಎರಡೂ ಲೆಕ್ಕ ಹೊಂದಬೇಕು.

ನೀವೇ ಮಾಡಿ: ಮುದ್ದೆಯ ಅಡ್ಡಳತೆ ಎರಡರಷ್ಟಾದರೆ ಹಿಟ್ಟು ಎಷ್ಟು ಪಟ್ಟು ಬೇಕು? 2 × 2 × 2 ಗುಣಿಸಿ ನೋಡಿ.