ಕಸದ ಗುಡ್ಡ ಮುಚ್ಚಿದ ಮ್ಯಾಲ ಏನಾಗ್ತದ?

ಏಪ್ರಿಲ್ ತಿಂಗಳಲ್ಲಿ ನೆಲೋಗಿಯ ನಮ್ಮ ಎರೆ ಹೊಲಕ್ಕೆ ಬಂದ್ರೆ ನೆಲ ಬಾಯಿ ಬಿಟ್ಟುಕೊಂಡು ಮಲಗಿರುತ್ತೆ. ತೊಗರಿ ಕೊಯ್ದು ಎರಡು ಮೂರು ತಿಂಗಳಾಗಿರುತ್ತೆ, ಮಣ್ಣಿನಲ್ಲಿ ಹನಿ ನೀರಿರಲ್ಲ. ಸಣ್ಣವರಿದ್ದಾಗ ಆ ಬಿರುಕಿನೊಳಗೆ ಕೈ ಬಿಟ್ಟು, ಯಾರದು ಎಷ್ಟು ಆಳ ಹೋಗುತ್ತೆ ಅಂತ ಪಂದ್ಯ ಕಟ್ಟುತ್ತಿದ್ದೆವು. ಚೇಳು ಇರ್ತಾವ ಅಂತ ಅವ್ವನ ಕಡೆಯಿಂದ ಬೈಗುಳ ಬೇರೆ.

ಹೋದ ರಜೆಯಲ್ಲಿ ಅದೇ ಹೊಲದ ಬದುವಿನ ಮೇಲೆ ಕೂತು ಕಾಕಾ ಕೇಳಿದರು: "ಕಸದ ಗುಡ್ಡ ಬಂದ್ ಮಾಡ್ಯಾರಂತ ಪೇಪರ್‌ನ್ಯಾಗ ಬರ್ತದಲ್ಲ, ಆಮ್ಯಾಲ ಅದಕ್ಕ ಏನ್ ಮಾಡ್ತಾರ?"

"ಮಣ್ಣು ಹಾಕಿ ಮುಚ್ಚತಾರ ಕಾಕಾ."

"ಯಾವ ಮಣ್ಣು? ಇದಾ? ಇದು ಬ್ಯಾಸಿಗಿಗೆ ಬಾಯಿ ತೆರಿತದಲ್ಲೋ."

ಸಿವಿಲ್ ಓದೋ ಹುಡುಗ ನಾನು, ಸುಮ್ಮನಾದೆ. ಕಾಲೇಜಿಗೆ ಬಂದ ಮೇಲೆ ಹುಡುಕಿ ಓದಿದ್ದು ಇಲ್ಲಿದೆ.

ಮೊದಲು ಒಂದು ಮಾತು. ಲಾರಿ ಬರೋದು ನಿಂತ ದಿನ ಗುಡ್ಡದ ಕೆಲಸ ನಿಲ್ಲಲ್ಲ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಗೋದು 2012ರಲ್ಲಿ ನಿಂತಿತು, ಮಂಡೂರಿಗೆ ಹೋಗೋದು 2014ರ ಡಿಸೆಂಬರ್‌ನಿಂದ ನಿಂತಿತು. ಎರಡೂ ಕಡೆ ಊರವರು ವರ್ಷಗಟ್ಟಲೆ ಹೋರಾಡಿದ ಮೇಲೆಯೇ. ಆದ್ರೆ ಒಳಗಿನ ಬ್ಯಾಕ್ಟೀರಿಯಾಗಳಿಗೆ ಸರ್ಕಾರದ ಆದೇಶ ತಲುಪಿರಲ್ಲ ನೋಡಿ! ಹಸಿ ಕಸ ಗಾಳಿಯಿಲ್ಲದೆ ಕೊಳೆಯುತ್ತಾ ಮೀಥೇನ್ ಬಿಡುತ್ತೆ. ಮೇಲಿಂದ ಇಳಿದ ಮಳೆನೀರು ಕಸದೊಳಗಿನ ಲವಣ, ಅಮೋನಿಯಾ, ಲೋಹಗಳನ್ನೆಲ್ಲ ತೊಳೆದುಕೊಂಡು ಕೆಳಗೆ ಕಪ್ಪು ರಸವಾಗಿ ಬಸಿಯುತ್ತೆ. ಇದೇ ಲೀಚೇಟ್.

ಐಐಎಸ್‌ಸಿ ಸಂಶೋಧಕರು ಮಾವಳ್ಳಿಪುರದ ಲೀಚೇಟ್ ಪರೀಕ್ಷಿಸಿದಾಗ ಸಿಒಡಿ ಲೀಟರಿಗೆ 10,000 ಮಿಲಿಗ್ರಾಂ ದಾಟಿತ್ತು, ಬಿಒಡಿ ಸುಮಾರು 1,500. ಹಳ್ಳಕ್ಕೆ ಬಿಡೋ ನೀರಿಗೆ 2016ರ ಘನತ್ಯಾಜ್ಯ ನಿಯಮ ಹಾಕಿದ ಮಿತಿ ಸಿಒಡಿ 250, ಬಿಒಡಿ 30. ಇಲ್ಲಿ ಎರಡರ ಅನುಪಾತ ನೋಡಿ: 0.15 ಆಸುಪಾಸು. ಸುಲಭವಾಗಿ ಕೊಳೆಯೋದೆಲ್ಲ ಆಗಲೇ ಕೊಳೆತಿದೆ, ಉಳಿದಿರೋದನ್ನು ಸೂಕ್ಷ್ಮಜೀವಿಗಳೂ ಮುಟ್ಟಲ್ಲ ಅಂತ ಅರ್ಥ. ಗುಡ್ಡ ಹಳೆಯದಾದಷ್ಟೂ ಅದರ ನೀರನ್ನು ಬರೀ ಜೈವಿಕ ಘಟಕದಲ್ಲಿ ಶುದ್ಧ ಮಾಡೋದು ಕಷ್ಟ.

ಹೊಸದಾಗಿ ಕಟ್ಟೋ ಲ್ಯಾಂಡ್‌ಫಿಲ್‌ಗೆ ತಳದಲ್ಲಿ 90 ಸೆಂ.ಮೀ. ಜೇಡಿ, ಅದರ ಮೇಲೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಹಾಳೆ ಬೇಕು. ನಮ್ಮ ಹಳೇ ಡಂಪ್‌ಗಳಿಗೆ ಇದ್ಯಾವುದೂ ಇಲ್ಲ, ಬಯಲು ನೆಲದ ಮೇಲೆ ಸುರಿದದ್ದು. ತಳ ಸರಿಮಾಡೋಕೆ ಆಗಲ್ಲ, ಹಾಗಾಗಿ ಒಳಗೆ ನೀರೇ ಹೋಗದಂತೆ ಮೇಲೆ ಟೋಪಿ ಹಾಕೋದೊಂದೇ ದಾರಿ.

ಆ ಟೋಪಿಗೂ ಲೆಕ್ಕವಿದೆ. ಕೆಳಗೆ 60 ಸೆಂ.ಮೀ. ಜೇಡಿ, ಅದರ ಮೇಲೆ ನೀರು ಹರಿದುಹೋಗೋಕೆ 15 ಸೆಂ.ಮೀ. ಪದರ, ಎಲ್ಲಕ್ಕಿಂತ ಮೇಲೆ ಹುಲ್ಲು ಬೆಳೆಯೋಕೆ 45 ಸೆಂ.ಮೀ. ಮಣ್ಣು. ಜೇಡಿಯ ಪರ್ಮಿಯಬಿಲಿಟಿ ಸೆಕೆಂಡಿಗೆ 10⁻⁷ ಸೆಂ.ಮೀ.ಗಿಂತ ಕಮ್ಮಿ ಇರಬೇಕು. ಡಾರ್ಸಿ ನಿಯಮ ಹಾಕಿ ನೋಡಿ: ಗ್ರೇಡಿಯಂಟ್ ಒಂದು ಅಂತಿಟ್ಟುಕೊಂಡರೆ ವರ್ಷಕ್ಕೆ ಇಳಿಯೋದು ಸುಮಾರು 3 ಸೆಂ.ಮೀ. ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 70–80 ಸೆಂ.ಮೀ. ಮಳೆಯಾಗುತ್ತೆ, ಅದರಲ್ಲಿ ಇಷ್ಟೇ ಒಳಗೆ ಹೋದರೆ ದೊಡ್ಡ ಗೆಲುವು.

ಕಾಕಾನ ಪ್ರಶ್ನೆ ಬರೋದು ಇಲ್ಲೇ. ಎರೆ ಮಣ್ಣಲ್ಲಿ ಮಾಂಟ್‌ಮೊರಿಲೊನೈಟ್ ಜಾಸ್ತಿ. ಹಸಿಯಾದಾಗ ಉಬ್ಬಿ ರಂಧ್ರಗಳನ್ನು ಮುಚ್ಚುತ್ತೆ, ಲ್ಯಾಬ್‌ನಲ್ಲಿ 10⁻⁷ ಆರಾಮಾಗಿ ಬರುತ್ತೆ. ಆದ್ರೆ ಲ್ಯಾಬ್‌ನಲ್ಲಿ ಕಲಬುರಗಿಯ ಮೇ ತಿಂಗಳು ಇರಲ್ಲ. ಒಣಗಿ ಸೀಳಿದ ಜೇಡಿಯ ಪರ್ಮಿಯಬಿಲಿಟಿ ನೂರಾರು ಪಟ್ಟು ಏರಬಹುದು, ಮುಂಗಾರಿನ ಮೊದಲ ಜೋರು ಮಳೆ ಸೀದಾ ಬಿರುಕಿನೊಳಗೇ ಹೋಗುತ್ತೆ. ಅದಕ್ಕೇ ಮೇಲಿನ 45 ಸೆಂ.ಮೀ. ಮಣ್ಣು ಬರೀ ಹುಲ್ಲಿಗಲ್ಲ, ಜೇಡಿ ಒಣಗದಂತೆ ಕಾಯೋ ಕಂಬಳಿ ಅದು. ನನ್ನ ಕೇಳಿದ್ರೆ ನಮ್ಮ ಕಡೆ ಅದು ಇನ್ನೂ ದಪ್ಪ ಇರಬೇಕು. ಇಲ್ಲಾಂದ್ರೆ ಜೇಡಿ ಬಿಟ್ಟು ಮರಳು–ಬೆಂಟೋನೈಟ್ ಮಿಶ್ರಣ ಅಥವಾ ಜಿಯೋಮೆಂಬ್ರೇನ್ ಬಳಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೆಳಗಿನ ಕಸ ಕೊಳೆತು ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ ಕುಸಿಯುತ್ತೆ. ತಗ್ಗಿನಲ್ಲಿ ನೀರು ನಿಂತು, ಟೋಪಿ ಅಲ್ಲಿಂದ ಸೋರತೊಡಗುತ್ತೆ. ವರ್ಷಕ್ಕೊಮ್ಮೆಯಾದ್ರೂ ಲೆವೆಲ್ ಹಿಡಿದು ನೋಡಲೇಬೇಕು.

ಕಸದೊಳಗೆ ನೀರು ತುಂಬಿದ್ರೆ ಏನಾಗಬಹುದು ಅನ್ನೋದು 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ಗೊತ್ತಾಯ್ತು. ಅದು ಮುಚ್ಚಿದ ಗುಡ್ಡವಲ್ಲ, ಬಳಕೆಯಲ್ಲಿದ್ದದ್ದು. ಭಾರಿ ಮಳೆಗೆ ಕಸದ ರಾಶಿಯೇ ಜಾರಿ ಕೆಳಗಿನ ಮಂದಾರದ ತೋಟ, ಮನೆಗಳ ಮೇಲೆ ಹರಿಯಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಪೋರ್ ಪ್ರೆಶರ್ ಏರಿದರೆ ಶಿಯರ್ ಸ್ಟ್ರೆಂತ್ ಇಳಿಯುತ್ತೆ ಅಂತ ನಾವು ಪರೀಕ್ಷೆಗೆ ಉರು ಹೊಡೆಯೋ ಸಾಲು ಅಲ್ಲಿ ಅಡಿಕೆ ಮರಗಳನ್ನು ಹೂತುಹಾಕಿತು.

ಗ್ಯಾಸ್ ಕಥೆ ಇನ್ನೂ ವಿಚಿತ್ರ. ಇಂಗ್ಲೆಂಡಿನ ಡರ್ಬಿಶೈರ್‌ನ ಲಾಸ್ಕೋ ಅನ್ನೋ ಊರಲ್ಲಿ ಕಸ ಸುರಿಯೋದು ನಿಂತದ್ದು 1982ರಲ್ಲಿ. 1986ರ ಮಾರ್ಚ್ 24ರ ಬೆಳಿಗ್ಗೆ ಹತ್ತಿರದ ಒಂದು ಮನೆ ಸ್ಫೋಟವಾಗಿ ನೆಲಸಮವಾಯ್ತು, ಒಳಗಿದ್ದ ಮೂವರು ಗಾಯಗೊಂಡರು. ಏಳು ಗಂಟೆಯಲ್ಲಿ ವಾಯುಭಾರ 29 ಮಿಲಿಬಾರ್ ಕುಸಿದಿತ್ತು, ಅದೇ ಹೊತ್ತಿಗೆ ನೆಲದೊಳಗಿದ್ದ ಮೀಥೇನ್ ಬಂಡೆಯ ಸಂದುಗಳಿಂದ ಮೇಲೆದ್ದು ಮನೆಯೊಳಗೆ ಸೇರಿತ್ತು. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡ ಇದ್ದರೆ ಒಂದು ಕಿಡಿ ಸಾಕು. ನಮ್ಮ ನಿಯಮದ ಮಿತಿ ಆ ಕೆಳ ಅಂಚಿನ ಕಾಲು ಭಾಗ, ಅಂದ್ರೆ 1.25 ಶೇಕಡ. ಅಳೆಯೋ ಮೀಟರ್ ಅಂಗೈ ಅಗಲದ್ದು, ಆದ್ರೆ ಅದನ್ನು ಹಿಡ್ಕೊಂಡು ಹೋಗೋಕೆ ಒಬ್ಬ ಮನುಷ್ಯ ಬೇಕಲ್ಲ.

ನೀರಿನ ತಪಾಸಣೆಗೆ ಬೋರ್ ಬೇಕು: ಅಂತರ್ಜಲ ಹರಿದು ಬರೋ ಕಡೆ ಒಂದು, ಹರಿದು ಹೋಗೋ ಕಡೆ ಒಂದೆರಡು. ಗುಡ್ಡದ ಅಂಚಿನಿಂದ 50 ಮೀಟರ್ ಒಳಗಿನ ನೀರನ್ನು ಬೇಸಿಗೆ, ಮಳೆಗಾಲ, ಮಳೆ ಮುಗಿದ ಮೇಲೆ ಹೀಗೆ ಬೇರೆ ಬೇರೆ ಕಾಲದಲ್ಲಿ ನೋಡಬೇಕು ಅನ್ನುತ್ತೆ ನಿಯಮ. ಮೊದಲು ನೋಡಬೇಕಾದ್ದು ಕ್ಲೋರೈಡ್. ಅದು ಮಣ್ಣಿಗೆ ಅಂಟಲ್ಲ, ನೀರಿನ ಜೊತೆಗೇ ಓಡುತ್ತೆ. ಮೇಲಿನ ಬೋರ್‌ನಲ್ಲಿ ಕಮ್ಮಿ, ಕೆಳಗಿನದರಲ್ಲಿ ವರ್ಷ ವರ್ಷ ಏರುತ್ತಿದೆ ಅಂದ್ರೆ ಲೋಹಗಳು ಹಿಂದೆಯೇ ಬರ್ತಿರಬಹುದು. ಜೇವರ್ಗಿ ತಾಲೂಕಿನಲ್ಲಿ ಇನ್ನೊಂದು ತೊಡಕಿದೆ. ಎರೆ ಮಣ್ಣಿನ ಕೆಳಗೆ ಕೆಲವು ಕಡೆ ಬಸಾಲ್ಟ್, ಕೆಲವು ಕಡೆ ಸುಣ್ಣದ ಕಲ್ಲು. ಎರಡರಲ್ಲೂ ನೀರು ಸಂದು ಹಿಡಿದು ಹರಿಯುತ್ತೆ. ಬೋರ್ ಸಂದು ತಪ್ಪಿತೋ, ವರದಿ ಚೊಕ್ಕ ಇರುತ್ತೆ, ಊರಿನ ಬಾವಿ ಕೆಟ್ಟಿರುತ್ತೆ. ಅದಕ್ಕೇ ನಿಯಮದ ಬೋರ್ ಜೊತೆಗೆ ಜನ ಕುಡಿಯೋ ಬಾವಿಯನ್ನೂ ಪಟ್ಟಿಗೆ ಸೇರಿಸಬೇಕು.

ಮುಚ್ಚೋದರ ಬದಲು ಅಗೆದೇ ತೆಗೆಯೋದು ಬಯೋಮೈನಿಂಗ್. ಕಸ ಅಗೆದು, ಸಾಲು ಹಾಕಿ ತಿರುವಿ ಒಣಗಿಸಿ, ತಿರುಗೋ ಜರಡಿಯಲ್ಲಿ ಬೇರ್ಪಡಿಸುತ್ತಾರೆ. ಪ್ಲಾಸ್ಟಿಕ್, ಬಟ್ಟೆ ಚೂರು ಸಿಮೆಂಟ್ ಗೂಡಿಗೆ ಉರುವಲಾಗುತ್ತೆ. ಇದರಲ್ಲಿ ನಮ್ಮ ಜಿಲ್ಲೆಗೆ ಅದೃಷ್ಟ: ಜೇವರ್ಗಿಯಿಂದ ನೂರು ಕಿಲೋಮೀಟರ್ ಒಳಗೇ ವಾಡಿ, ಮಳಖೇಡ, ಸೇಡಂ ಇವೆ. ಇಂಥ ಉರುವಲು ಘಟಕದ ನೂರು ಕಿಲೋಮೀಟರ್ ಸುತ್ತಲಿನ ಕಾರ್ಖಾನೆಗಳು ತಮ್ಮ ಇಂಧನದ ಕನಿಷ್ಠ 5 ಶೇಕಡ ಇದನ್ನೇ ಬಳಸಬೇಕು ಅಂತ 2016ರ ನಿಯಮವೇ ಹೇಳಿತ್ತು. ಜರಡಿಯ ಕೆಳಗೆ ಉಳಿಯೋ ಸಣ್ಣ ಮಣ್ಣಿನ ಬಗ್ಗೆ ಮಾತ್ರ ಹುಷಾರಾಗಿರಬೇಕು. ಗೊಬ್ಬರದ ಹಾಗೆ ಕಾಣುತ್ತೆ, ಸೀಸ, ಕ್ರೋಮಿಯಂ ಇರಬಹುದು. ಪರೀಕ್ಷೆ ಮಾಡಿಸದೆ ತೊಗರಿ ಹೊಲಕ್ಕೆ ಹಾಕೋ ಹಾಗಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಕಾಕಾಗೆ ಇಷ್ಟನ್ನೂ ಹೇಳಿದೆ. ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ನೋಡ್ತಾನೇ ಇರಬೇಕು ಅಂದೆ. ಬೆರಳು ಮಡಚಿ ಲೆಕ್ಕ ಹಾಕಿದರು.

"ಅಷ್ಟೊತ್ತಿಗೆ ನಿಂಗ ಮೂವತ್ತೈದು ದಾಟಿರ್ತದ. ಮೀಟರ್ ಯಾರ್ ಹಿಡಿತಾರ, ನೀನೇ ಏನು?"