ಪಾವೋ, ಕೊಳಗವೋ?

ಅಕ್ಕಿಯನ್ನು ಪಾವಿನಲ್ಲೂ ಭತ್ತವನ್ನು ಕೊಳಗದಲ್ಲೂ ಅಳೆದ ಮನೆಗಳಿಂದ ಬಂದವರು ನಾವು. ಗಣಕಯಂತ್ರದಲ್ಲಿ ಪೂರ್ಣಾಂಕಗಳನ್ನು ತುಂಬಿಡುವಾಗಲೂ ಅದೇ ವಿವೇಕ ಬೇಕು.

1982ರಲ್ಲಿ ನ್ಯೂಜಿಲೆಂಡಿನ ಕುರಿಗಳು ಸುಮಾರು 7 ಕೋಟಿ. ಕುರಿಯ ವಯಸ್ಸನ್ನು ತಿಂಗಳುಗಳಲ್ಲಿ ಬರೆದರೂ 255ರವರೆಗೆ ಹಿಡಿಸುವ 8 ಬಿಟ್ಟಿನ ಪಾವು ಸಾಕು. ಒಟ್ಟು 7 ಕೋಟಿ ಬೈಟು. 64 ಬಿಟ್ ಕೊಟ್ಟರೆ 56 ಕೋಟಿ! ಆದರೆ ಕುರಿಗಳಿಗೆ ಕ್ರಮಸಂಖ್ಯೆ ಹಾಕಲು 65,535ಕ್ಕೇ ತುಂಬುವ 16 ಬಿಟ್ ಸಾಲದು, 32 ಬೇಕು.

ಬೆಳೆಯುತ್ತಲೇ ಹೋಗುವ ಎಣಿಕೆಗೆ ಮಾತ್ರ ಜಿಪುಣತನ ಸಲ್ಲದು. 1970ರಿಂದ ಸೆಕೆಂಡುಗಳನ್ನು ಎಣಿಸುವ ಯುನಿಕ್ಸ್ ಗಡಿಯಾರದ ಹಳೆಯ 32 ಬಿಟ್ಟಿನ ಕೊಳಗ 2,147,483,647ಕ್ಕೆ ತುಂಬುತ್ತದೆ. ಅದು 2038ರ ಜನವರಿ 19: ಬೆಂಗಳೂರಿನಲ್ಲಿ ಬೆಳಿಗ್ಗೆ 8-44, ಆಕ್ಲೆಂಡಿನಲ್ಲಿ ಸಂಜೆ 4-14. ಮರುಕ್ಷಣವೇ ಅದು 1901ಕ್ಕೆ ಹಿಂದೆ ಹಾರುತ್ತದೆ. ಹಳೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಬಂಧುಗಳು ಈಗಲೇ 64 ಬಿಟ್ಟಿನ ಖಂಡುಗಕ್ಕೆ ಸುರಿದುಕೊಳ್ಳುವುದು ಲೇಸು.